ಬ್ಲ್ಯಾಕ್ ಬುಲೆಟ್ ಮತ್ತು ನಮ್ಮ ಆರ್ಗಾನ್ ವೆಲ್ಡಿಂಗ್

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ವಿಚಿತ್ರ ವಿಮಾನಗಳ ಬಗ್ಗೆ ಬಂದ ಲೇಖನ ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಆದರೆ ಲೇಖಕರು ಆ ವಿಮಾನಗಳನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿ ನಕ್ಕುಬಿಟ್ಟಿದ್ದಾರೆ. ನಾರ್ಥ್ರಾಪ್ ಕಂಪನಿಯ ಎಕ್ಸ್‌ಪಿ-56, ಅಂದರೆ ‘ಬ್ಲ್ಯಾಕ್ ಬುಲೆಟ್’ ವಿಷಯ ಬಂದಾಗಲಂತೂ ಇದರಿಂದ ಯಾರಿಗೂ ನಯಾಪೈಸೆ ಪ್ರಯೋಜನ ಆಗಲಿಲ್ಲ ಎಂದು ಬರೆದು ಮುಗಿಸಿದ್ದಾರೆ. ನನಗೆ ಆಗಿದೆ ಸ್ವಾಮಿ. ಅದಕ್ಕೇ ಈ ಪತ್ರ.

ನಾನು ಅಥಣಿ ಕಡೆಯವನು. ಐಟಿಐ ಮುಗಿಸಿ ಪುಣೆಗೆ ಬಂದೆ. ಇಲ್ಲಿನ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಿವೃತ್ತಿ ಆಗೋವರೆಗೂ ಆರ್ಗಾನ್ ವೆಲ್ಡಿಂಗ್ ಮಾಡಿದೆ. ಡೇರಿಗಳಿಗೆ, ಔಷಧಿ ಕಾರ್ಖಾನೆಗಳಿಗೆ ಬೇಕಾದ ಸ್ಟೇನ್‌ಲೆಸ್ ಸ್ಟೀಲ್ ಪೈಪು, ಟ್ಯಾಂಕು ನಮ್ಮ ಕೆಲಸ. ಮಗಳ ಮದುವೆ, ನಿಗಡಿಯ ಎರಡು ಕೋಣೆಯ ಮನೆ ಎಲ್ಲ ಆ ವೆಲ್ಡಿಂಗ್ ಟಾರ್ಚಿನ ದುಡಿಮೆಯಿಂದಲೇ ಆದದ್ದು. ಈ ಕಸುಬು ಶಾಪಿನ ಕೆಲಸವಾಗಿ ರೂಪ ಪಡೆದದ್ದು ಕ್ಯಾಲಿಫೋರ್ನಿಯಾದ ಹಾಥಾರ್ನ್‌ನಲ್ಲಿ, ಬ್ಲ್ಯಾಕ್ ಬುಲೆಟ್ ಕಟ್ಟಲು ಹೊರಟಿದ್ದ ನಾರ್ಥ್ರಾಪ್ ಕಾರ್ಖಾನೆಯಲ್ಲಿ.

ಆದದ್ದು ಹೀಗೆ. ಯುದ್ಧ ಬಂದರೆ ಅಲ್ಯೂಮಿನಿಯಂ ಸಾಕಾಗುವುದಿಲ್ಲ ಎಂಬ ಹೆದರಿಕೆ ಇತ್ತು. ಹಾಗಾಗಿ ಈ ವಿಮಾನದ ಮೈಯನ್ನು ಮೆಗ್ನೀಸಿಯಂನಲ್ಲಿ ಮಾಡಲು ನಾರ್ಥ್ರಾಪ್‌ನವರು ನಿರ್ಧರಿಸಿದರು. ಅದೂ ರಿವೆಟ್ ಹೊಡೆದಲ್ಲ, ಬೆಸೆದು. ಶಾಲೆಯಲ್ಲಿ ಮೇಷ್ಟ್ರು ಮೆಗ್ನೀಸಿಯಂ ಪಟ್ಟಿಗೆ ಬೆಂಕಿ ಹಚ್ಚಿ ತೋರಿಸುತ್ತಿದ್ದರು, ಅಲ್ವಾ? ಕಣ್ಣು ಕುಕ್ಕುವ ಹಾಗೆ ಉರಿಯುತ್ತಿತ್ತು. ಅಂಥ ಲೋಹವನ್ನು ಬೆಸೆಯಬೇಕು. ಗ್ಯಾಸ್ ವೆಲ್ಡಿಂಗ್ ಮಾಡಬಹುದು, ಆದರೆ ಫ್ಲಕ್ಸ್, ಅಂದರೆ ಬಿಸಿ ಲೋಹಕ್ಕೆ ಗಾಳಿ ತಾಗದಂತೆ ಹಚ್ಚುವ ಪುಡಿ ಬೇಕು. ಆ ಫ್ಲಕ್ಸ್ ಸ್ವಲ್ಪ ಜೋಡಣೆಯಲ್ಲಿ ಉಳಿದರೂ ಸಾಕು, ಒಳಗೊಳಗೇ ಲೋಹವನ್ನು ತಿನ್ನುತ್ತದೆ. ಆಕಾಶದಲ್ಲಿ ಹಾರುವ ವಸ್ತುವಿಗೆ ಅದು ನಡೆಯುತ್ತದಾ?

ನಾರ್ಥ್ರಾಪ್‌ನ ರಸೆಲ್ ಮೆರೆಡಿತ್ ಎಂಬವರು ಬೇರೆ ದಾರಿ ಹಿಡಿದರು. ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ಆರ್ಕ್, ಅಂದರೆ ಕರೆಂಟಿನ ಕಿಡಿ ಎಬ್ಬಿಸಿ, ಅದರ ಸುತ್ತ ಹೀಲಿಯಂ ಅನಿಲ ಬಿಟ್ಟರು. ಟಂಗ್‌ಸ್ಟನ್ ಸುಲಭಕ್ಕೆ ಕರಗುವುದಿಲ್ಲ. ಹೀಲಿಯಂ ಯಾವುದರ ಜೊತೆಗೂ ಸೇರುವುದಿಲ್ಲ. ಬಿಸಿ ಲೋಹಕ್ಕೆ ಹೊರಗಿನ ಗಾಳಿ ತಾಗದಂತೆ ಅದು ಕಾಯುತ್ತದೆ. ಫ್ಲಕ್ಸ್ ಬೇಡ, ಉಜ್ಜಿ ತೊಳೆಯುವ ಕೆಲಸವೂ ಇಲ್ಲ. ಅನಿಲದ ಹೊದಿಕೆಯಲ್ಲಿ ಬೆಸೆಯುವ ಯೋಚನೆಗೆ ಅಮೆರಿಕದಲ್ಲಿ ಅದಕ್ಕೂ ಮೊದಲೇ ಪೇಟೆಂಟ್ ಸಿಕ್ಕಿತ್ತು, ನಿಜ. ಆದರೆ ಕೈಯಲ್ಲಿ ಟಾರ್ಚ್ ಹಿಡಿದು ದಿನಾ ಮಾಡಬಹುದಾದ ಕೆಲಸವಾಗಿ ಅದನ್ನು ಬಗ್ಗಿಸಿದ್ದು ಮೆರೆಡಿತ್. ಅವರಿಗೆ 1942ರಲ್ಲಿ ಪೇಟೆಂಟ್ ಬಂತು. ಈ ವಿಧಾನಕ್ಕೆ ಅವರಿಟ್ಟ ಹೆಸರು ಹೀಲಿಯಾರ್ಕ್.

ಮುಂದೆ ಹೀಲಿಯಂ ಜಾಗಕ್ಕೆ ಹೆಚ್ಚಾಗಿ ಆರ್ಗಾನ್ ಬಂತು. ಹೀಲಿಯಂ ಹಗುರ, ಬಿಟ್ಟ ಕೂಡಲೇ ಮೇಲೆ ಹೋಗುತ್ತದೆ, ಅನಿಲ ಜಾಸ್ತಿ ಖರ್ಚು. ಆರ್ಗಾನ್ ಗಾಳಿಗಿಂತ ಭಾರ. ಜಾಬಿನ, ಅಂದರೆ ಬೆಸೆಯುವ ತುಂಡಿನ ಮೇಲೆ ತೆಪ್ಪಗೆ ಕೂರುತ್ತದೆ. ನಾವು ಉಸಿರಾಡುವ ಗಾಳಿಯಲ್ಲೇ ಸುಮಾರು ನೂರಕ್ಕೆ ಒಂದು ಪಾಲು ಅದೇ ಇದೆ. ಪುಣೆಯಲ್ಲಿ ಮೇ ತಿಂಗಳ ಸೆಕೆ ಹೇಗಿರುತ್ತದೆ ಎಂದು ಇಲ್ಲಿದ್ದವರಿಗೆ ಗೊತ್ತು. ಆದರೂ ನಮ್ಮ ಟೇಬಲ್ ಹತ್ತಿರ ಫ್ಯಾನ್ ಹಾಕುವಂತಿರಲಿಲ್ಲ. ಗಾಳಿ ಬೀಸಿದರೆ ಆರ್ಗಾನ್ ಚದುರಿ ವೆಲ್ಡಿನ ತುಂಬ ತೂತು. ಹೊಸ ಹುಡುಗರು ಕದ್ದು ಫ್ಯಾನ್ ಹಾಕಿಕೊಂಡು ಬೈಸಿಕೊಳ್ಳುತ್ತಿದ್ದರು. ಬೈಯುವಾಗ ನಾನು ಅವರಿಗೆ ಬ್ಲ್ಯಾಕ್ ಬುಲೆಟ್ ಕಥೆಯನ್ನೂ ಹೇಳುತ್ತಿದ್ದೆ. ಬೆವರು ಒರೆಸಿಕೊಳ್ಳುತ್ತ ಸುಮ್ನೆ ಕೇಳುತ್ತಿದ್ದರು ಪಾಪ.

ವಿಮಾನ ಸೋತಿತು, ಅದನ್ನು ನಾನು ಒಪ್ಪುತ್ತೇನೆ. ಹೆಚ್ಚು ಕಡಿಮೆ ಬಾಲವೇ ಇಲ್ಲದ ಮೊಂಡು ಮೈ. ಎಂಜಿನ್ ಹಿಂದೆ. ಅದರ ಹಿಂದೆ ಎದುರುಬದುರಾಗಿ ತಿರುಗುವ ಎರಡು ಪ್ರೊಪೆಲ್ಲರ್. ಪೈಲಟ್ ಹೊರಗೆ ಹಾರಿದರೆ ಅವುಗಳಿಗೆ ಸಿಕ್ಕಿ ತುಂಡಾಗಬಾರದು ಎಂದು ಮೊದಲು ಪ್ರೊಪೆಲ್ಲರ್‌ಗಳನ್ನೇ ಸ್ಫೋಟಿಸಿ ಕಳಚುವ ವ್ಯವಸ್ಥೆ ಮಾಡಿದ್ದರು! ಮೊದಲ ವಿಮಾನ 1943ರ ಸೆಪ್ಟೆಂಬರ್‌ನಲ್ಲಿ ನೆಲ ಬಿಟ್ಟಿತು. ಮರು ತಿಂಗಳೇ ಕ್ಯಾಲಿಫೋರ್ನಿಯಾದ ಮ್ಯೂರಾಕ್ ಒಣಕೆರೆಯಲ್ಲಿ ವೇಗವಾಗಿ ಓಡುವಾಗ ಟೈರ್ ಸಿಡಿದು ಮಗುಚಿತು. ಪೈಲಟ್ ಜಾನ್ ಮೈಯರ್ಸ್ ಬದುಕಿಕೊಂಡರು. ಎರಡನೆಯದು 1944ರಲ್ಲಿ ಕೆಲವು ಸಲ ಹಾರಿತು. ವೇಗ ಬರಲಿಲ್ಲ, ಹಿಡಿತಕ್ಕೂ ಸಿಗಲಿಲ್ಲ. ಅದು ಈಗ ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಂ ಸಂಗ್ರಹದಲ್ಲಿದೆ.

ಆದರೆ ಲೇಖಕರು ಎಲ್ಲ ತಪ್ಪನ್ನೂ ವಿನ್ಯಾಸ ಮಾಡಿದವರ ತಲೆಗೆ ಕಟ್ಟಿದ್ದಾರೆ. ಅದು ಸರಿಯಲ್ಲ. ಹೊಸ ಬಗೆಯ ಫೈಟರ್ ಬೇಕು ಎಂದು ಅಮೆರಿಕದ ಸೇನೆ ಕೇಳಿದಾಗ ವಲ್ಟಿ, ಕರ್ಟಿಸ್, ನಾರ್ಥ್ರಾಪ್ ಮೂರೂ ಕಂಪನಿಗಳು ಪ್ರಾಟ್ ಅಂಡ್ ವಿಟ್ನಿಯ ಎಕ್ಸ್-1800 ಎಂಬ ಒಂದೇ ಎಂಜಿನ್ ನಂಬಿ ನಕ್ಷೆ ಹಾಕಿದ್ದವು. 1940ರಲ್ಲಿ ಆ ಎಂಜಿನ್ನೇ ರದ್ದಾಯಿತು. ಚಪ್ಪರ ಹಾಕಿದ ಮೇಲೆ ಮದುಮಗನೇ ಇಲ್ಲ ಎಂದ ಹಾಗೆ. ಆಮೇಲೆ ಒಬ್ಬೊಬ್ಬರೂ ಕೈಗೆ ಸಿಕ್ಕ ಎಂಜಿನ್ ತಂದು ಕೂರಿಸಿದರು. ಮೈಯೊಂದು, ಎಂಜಿನ್ ಇನ್ನೊಂದು. ಜಾಬ್ ಅರ್ಧ ಆದ ಮೇಲೆ ಡ್ರಾಯಿಂಗ್ ಬದಲಾದರೆ ಏನಾಗುತ್ತದೆ ಎಂದು ಶಾಪಿನಲ್ಲಿ ದುಡಿದ ಯಾರನ್ನಾದರೂ ಕೇಳಿ.

ನಗಲೇಬೇಕು ಎಂದರೆ ಫಿಶರ್ ಪಿ-75 ನೋಡಿ ನಗಬಹುದಿತ್ತು. ಬೇರೆ ಬೇರೆ ವಿಮಾನಗಳ ರೆಕ್ಕೆ, ಬಾಲ, ಚಕ್ರ ತಂದು ಜೋಡಿಸಿದರೆ ಬೇಗ ಫೈಟರ್ ತಯಾರಾಗುತ್ತದೆ ಎಂದು ಲೆಕ್ಕ ಹಾಕಿ ಜನರಲ್ ಮೋಟರ್ಸ್‌ನವರು ಮಾಡಿದ್ದು ಅದು. 2,500 ವಿಮಾನಗಳಿಗೆ ಆರ್ಡರ್ ಸಿಕ್ಕಿತ್ತು. 1944ರಲ್ಲಿ ರದ್ದಾಗುವ ಹೊತ್ತಿಗೆ ಕಟ್ಟಿದ್ದು ಇಪ್ಪತ್ತೂ ಇಲ್ಲ. ವೆಲ್ಡರ್ ಆಗಿ ಹೇಳುತ್ತೇನೆ, ಬೇರೆ ಬೇರೆ ಕೆಲಸಕ್ಕೆ ಮಾಡಿದ ಭಾಗಗಳನ್ನು ತಂದು ಸೇರಿಸಿದರೆ ಜೋಡಣೆ ಗಟ್ಟಿಯಾಗಬಹುದು, ವಸ್ತು ಗಟ್ಟಿಯಾಗುವುದಿಲ್ಲ. ಅದನ್ನು ಬಿಟ್ಟು ಬೆಲ್ ಕಂಪನಿಯ ಪಿ-59ನ್ನು ಹಂಗಿಸಿದ್ದು ಯಾಕೋ ಗೊತ್ತಾಗಲಿಲ್ಲ. ಅದು ಅಮೆರಿಕದ ಮೊದಲ ಜೆಟ್. 1942ರ ಅಕ್ಟೋಬರ್‌ನಲ್ಲಿ ಹಾರಿತು. ಗುಟ್ಟು ಬಯಲಾಗಬಾರದು ಎಂದು ನೆಲದಲ್ಲಿದ್ದಾಗ ಮೂಗಿಗೆ ಸುಳ್ಳು ಪ್ರೊಪೆಲ್ಲರ್ ಸಿಕ್ಕಿಸುತ್ತಿದ್ದರಂತೆ. ವೇಗ ಕಡಿಮೆ ಇತ್ತು ನಿಜ, ಆದರೆ ಅಮೆರಿಕದ ಪೈಲಟ್‌ಗಳು ಜೆಟ್ ಹಾರಿಸಲು ಕಲಿತದ್ದು ಅದರಲ್ಲೇ.

ಇನ್ನೊಂದು ತಕರಾರು. ಇವೆಲ್ಲ ನಮಗೆ ದೂರದ ಕಥೆ ಎಂಬಂತೆ ಬರೆದಿದ್ದಾರೆ. ಕನ್ನಡ ಪತ್ರಿಕೆಯಲ್ಲಿ ಬೆಂಗಳೂರಿನ ಹೆಸರೇ ಬರಬಾರದೇ? ಸೋಲಾಪುರದ ವಾಲ್‌ಚಂದ್ ಹಿರಾಚಂದ್ 1940ರ ಡಿಸೆಂಬರ್‌ನಲ್ಲಿ ಮೈಸೂರು ಸಂಸ್ಥಾನದ ಬೆಂಬಲದಿಂದ ಬೆಂಗಳೂರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ಅಲ್ಲಿ ಮೊದಲು ಜೋಡಿಸಿ ಹಾರಿಸಿದ್ದು ಹಾರ್ಲೋ ಪಿಸಿ-5 ಎಂಬ ಅಮೆರಿಕದ ತರಬೇತಿ ವಿಮಾನ, 1941ರ ಆಗಸ್ಟ್‌ನಲ್ಲಿ. ಹಾರ್ಲೋ ಹೆಸರು ಅಮೆರಿಕದಲ್ಲೇ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಮ್ಯಾಕ್ಸ್ ಹಾರ್ಲೋ ಪ್ಯಾಸಡೀನಾ ಜೂನಿಯರ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು. ಅವರ ಮೊದಲ ವಿಮಾನವನ್ನು ಕಾಲೇಜಿನ ವಿದ್ಯಾರ್ಥಿಗಳೇ ಕ್ಲಾಸಿನ ಕೆಲಸವೆಂದು ಕಟ್ಟಿದ್ದರು. ಆ ಮೇಷ್ಟ್ರ ಮುಂದಿನ ವಿಮಾನದ ಭಾಗಗಳು ಬೆಂಗಳೂರಿಗೆ ಬಂದು, ನಮ್ಮ ಫಿಟ್ಟರ್‌ಗಳ ಕೈಯಲ್ಲಿ ವಿಮಾನವಾಗಿ ಎದ್ದವು. ಐಟಿಐ ಹುಡುಗರಿಗೆ ಹೇಳಬೇಕಾದ ಕಥೆ ಇದು. ಮರುವರ್ಷ ಅಲ್ಲೇ ಕರ್ಟಿಸ್ ಹಾಕ್ ಫೈಟರ್ ಕೂಡ ಹಾರಿತು.

ವಲ್ಟಿ ವೆಂಜೆನ್ಸ್ ವಿಮಾನವೂ ಹಾಗೇ. ನೆಟ್ಟಗೆ ಕೆಳಗೆ ಎರಗಿ ಬಾಂಬ್ ಹಾಕಲು ಮಾಡಿದ ಅದರ ಮೇಲೆ ಅಮೆರಿಕದವರಿಗೇ ಮನಸ್ಸಿರಲಿಲ್ಲ. ಎರಗುವಾಗ ಗುರಿ ತಪ್ಪದಿರಲಿ ಎಂದು ರೆಕ್ಕೆಗಳನ್ನು ಒಂದಿಷ್ಟೂ ಓರೆ ಮಾಡದೆ ಕೂರಿಸಿದ್ದರು. ಹಾಗಾಗಿ ನೇರ ಹಾರುವಾಗ ಮೂಗೆತ್ತಿಕೊಂಡೇ ಹೋಗುತ್ತಿತ್ತು. ನೋಡಲು ಚೆಂದ ಇರಲಿಲ್ಲ. ಭಾರತೀಯ ವಾಯುಪಡೆಯ 7 ಮತ್ತು 8ನೇ ಸ್ಕ್ವಾಡ್ರನ್‌ಗಳು ಬರ್ಮಾ ಯುದ್ಧದಲ್ಲಿ ಜಪಾನಿಯರ ಮೇಲೆ ಬಾಂಬ್ ಹಾಕಿದ್ದು ಅದರಿಂದಲೇ.

ಕೊನೆಗೆ ಒಂದು ತಿದ್ದುಪಡಿ. ಬ್ಲ್ಯಾಕ್ ಬುಲೆಟ್ ಎಂದು ನೀವು ಹಾಕಿದ ಚಿತ್ರ ಕರ್ಟಿಸ್ ಎಕ್ಸ್‌ಪಿ-55 ಅಸೆಂಡರ್‌ದು. ಮೂಗಿನ ಹತ್ತಿರ ಪುಟ್ಟ ರೆಕ್ಕೆ ಕಾಣುತ್ತದೆ ನೋಡಿ. ಬ್ಲ್ಯಾಕ್ ಬುಲೆಟ್‌ಗೆ ಅದಿಲ್ಲ. ಪಕ್ಕದ ಪುಟದಲ್ಲಿ ಅಸೆಂಡರ್ ಎಂದು ಹಾಕಿರುವುದೇ ಬ್ಲ್ಯಾಕ್ ಬುಲೆಟ್. ಎರಡರ ಅಡಿಬರಹ ಅದಲುಬದಲಾಗಿದೆ. ಈ-ಪೇಪರ್‌ನಲ್ಲಾದರೂ ಸರಿ ಮಾಡಿಸಿ. ಬೆಂಗಳೂರಿನ ಹಾರ್ಲೋ ಬಗ್ಗೆ ಮುಂದಿನ ಭಾನುವಾರ ಅರ್ಧ ಪುಟ ಕೊಟ್ಟರೆ ಅದನ್ನೂ ಓದುತ್ತೇನೆ.

ಇತಿ,
ನಿವೃತ್ತ ಆರ್ಗಾನ್ ವೆಲ್ಡರ್
ನಿಗಡಿ, ಪುಣೆ