ಒಂದು ಗುಟುಕು ನೀರಿನ ವಿಷಯ

ಪುಟ್ಟೀ,

ನಿನ್ನೆ ಫೋನಿನಲ್ಲಿ ‘ದೊಡ್ಡಪ್ಪನ ಎದುರು ದನಿ ಏರಿಸಬೇಡ’ ಎಂದು ಗದರಿದ್ದು ನನ್ನ ತಪ್ಪು. ಪಾರ್ಶ್ವವಾಯು ಬಡಿದ ಮೇಲೆ ಸರಿಯಾಗಿ ನುಂಗಲಾಗದ ಅಜ್ಜಿಯ ಬಾಯಿಗೆ ಅವರು ಬರಿ ನೀರಿನ ಲೋಟ ಹಿಡಿದಾಗ ನೀನು ತಡೆದದ್ದೇ ಸರಿ. ನನಗೆ ಹೆಮ್ಮೆಯಾಯಿತು, ಹೇಳಲಿಲ್ಲ.

ಅಷ್ಟರಲ್ಲಿ ಇಳಿದ ಒಂದು ಗುಟುಕಿಗೆ ‘ಕೆಮ್ಮಲಿಲ್ಲವಲ್ಲ, ಏನೂ ಆಗಿಲ್ಲ’ ಅಂದರಂತೆ. ನನಗೆ ಭಯ ಇರುವುದೇ ಅಲ್ಲಿ. ಪಾರ್ಶ್ವವಾಯು ಬಡಿದವರಲ್ಲಿ ಗಂಟಲ ಅರಿವೇ ಮಂಕಾಗಿರಬಹುದು. ನೀರು ಶ್ವಾಸನಾಳಕ್ಕೆ ಇಳಿದರೂ ಕೆಮ್ಮು ಬಾರದೇ ಇರಬಹುದು. ತೆಳು ನೀರು ಬೇಗ ಜಾರುತ್ತದೆ, ಶ್ವಾಸನಾಳ ಮುಚ್ಚಿಕೊಳ್ಳುವ ಮೊದಲೇ ಇಳಿದಿರುತ್ತದೆ. ಎರಡು ದಿನ ಬಿಟ್ಟು ಜ್ವರ, ಏದುಸಿರು ಬಂದಾಗ ಆ ಗುಟುಕು ಯಾರಿಗೂ ನೆನಪಿರುವುದಿಲ್ಲ. ಕೆಮ್ಮನ್ನು ನಂಬಬೇಡ ಮಗಳೇ. ನಾಲ್ಕೈದು ಚಮಚಕ್ಕೊಮ್ಮೆ ‘ಆ’ ಅನ್ನಿಸು. ದನಿ ಒದ್ದೆಯಾಗಿ ಗೊರಗೊರ ಎಂದರೆ ಅಲ್ಲಿಗೇ ನಿಲ್ಲಿಸು. ಗೊರಗೊರ ಕೇಳಿಸದಿದ್ದರೂ ಪೂರ್ತಿ ನಿಶ್ಚಿಂತೆಯಲ್ಲ, ಕೆಮ್ಮಿನ ಹಾಗೆಯೇ ಅದೂ.

ನುಂಗುವುದನ್ನು ನೋಡುವ ಥೆರಪಿಸ್ಟ್, ಅಜ್ಜಿಯ ನೀರಿಗೆ ಹೇಳಿದ್ದು ಎರಡನೇ ಹಂತದ ಮಂದ ತಾನೇ? ಕಣ್ಣಂದಾಜು ಬೇಡ. ನೀರಿಗೆ ಮಂದ ಮಾಡುವ ಪುಡಿ ಕಲಸಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಡು. ಸೂಜಿ ತೆಗೆದ 10 ಎಂಎಲ್ ಸಿರಿಂಜಿನ ತುದಿಗೆ ಬೆರಳೊತ್ತಿ ಭರ್ತಿ ತುಂಬು, ಬೆರಳು ತೆಗೆದು 10 ಸೆಕೆಂಡ್ ಸೋರಲು ಬಿಡು. 4ರಿಂದ 8 ಎಂಎಲ್ ಒಳಗೆ ಉಳಿದರೆ ಸರಿ, ಕಡಿಮೆ ಉಳಿದರೆ ತೆಳುವಾಗಿದೆ. ಹೆಚ್ಚು ಮಂದವಾದರೆ ಹೆಚ್ಚು ಒಳ್ಳೆಯದು ಎಂದಲ್ಲ, ಅದು ಗಂಟಲಲ್ಲೇ ಕೂತುಬಿಡುತ್ತದೆ. ಪಿಷ್ಟದ ಪುಡಿಯಾಗಿದ್ದರೆ ಎಂಜಲು ಚಮಚವನ್ನು ಲೋಟಕ್ಕೆ ಅದ್ದಬೇಡ. ಎಂಜಲು ತಾಗಿದರೆ ಮಂದ ಕಳೆದು ತೆಳುವಾಗುತ್ತದೆ. ಐಸ್ ತುಂಡು ಗಟ್ಟಿ ಎಂದು ಯಾರಾದರೂ ಕೊಡಹೊರಟರೆ ಬಿಡಬೇಡ, ಬಾಯಲ್ಲಿ ಕರಗಿದ ಮೇಲೆ ಅದೂ ನೀರೇ.

ನೆಟ್ಟಗೆ ಕೂರಿಸಿಯೇ ಉಣ್ಣಿಸು, ಆಮೇಲೂ ಅರ್ಧ ಗಂಟೆ ಮಲಗಿಸಬೇಡ. ಸೋತ ಬದಿಯ ಕೆನ್ನೆಯೊಳಗೆ ತುತ್ತು ಉಳಿದಿದೆಯೇ ನೋಡು. ಹಲ್ಲು, ನಾಲಿಗೆ ದಿನಕ್ಕೆ ಎರಡು ಸಲವಾದರೂ ಉಜ್ಜಬೇಕು. ಬಾಯಿಯ ಕೊಳೆ ಎಂಜಲಿನ ಜೊತೆ ಶ್ವಾಸನಾಳಕ್ಕೆ ಇಳಿದರೂ ನ್ಯುಮೋನಿಯಾ ಆಗಬಹುದು. ಮಾತ್ರೆ ಪುಡಿ ಮಾಡುವ ಮೊದಲು ಡಾಕ್ಟರನ್ನು ಕೇಳು.

ಉಪದೇಶ ಜಾಸ್ತಿಯಾಯಿತು. ದೊಡ್ಡಪ್ಪ ಕೆಟ್ಟವರಲ್ಲ ಪುಟ್ಟೀ, ಹೆತ್ತ ತಾಯಿ ನೀರು ಕೇಳಿದರೆ ತಡೆಯಲಾಗುವುದಿಲ್ಲ. ಮಂದ ನೀರನ್ನು ಅಜ್ಜಿ ಕಡಿಮೆ ಕುಡಿಯುವುದೂ ನಿಜ. ದಿನಕ್ಕೆ ಎಷ್ಟಾಯಿತೆಂದು ಬರೆದಿಡು. ಬಾಯಿ ಚೆನ್ನಾಗಿ ತೊಳೆದ ಮೇಲೆ ಸ್ವಲ್ಪ ಬರಿ ನೀರು ಕೊಡಲು ಕೆಲವು ರೋಗಿಗಳಿಗೆ ಒಪ್ಪಿಗೆ ಸಿಗುತ್ತದೆ. ಅಜ್ಜಿಗೆ ಕೊಡಬಹುದೇ ಎಂದು ದೊಡ್ಡಪ್ಪನೇ ಥೆರಪಿಸ್ಟರನ್ನು ಕೇಳಲಿ. ಮಂದ ನೋಡುವ ಸಿರಿಂಜನ್ನೂ ದೊಡ್ಡಪ್ಪನ ಕೈಗೇ ಕೊಡು.

ಬೆಳಿಗ್ಗೆ ಜ್ವರ ನೋಡಿದೆಯಾ? ಇದನ್ನು ಓದಿದ ಕೂಡಲೇ ಇನ್ನೊಮ್ಮೆ ನೋಡಿ ಫೋನ್ ಮಾಡು.

ಅಪ್ಪ