ಮಾಜಿ ವಾರ್ತಾ ಮಂತ್ರಿಯಿಂದ ನಮ್ಮ ಶಾಲಾ ಸಂಸತ್ತಿಗೆ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂತು, ಪ್ರಥಮ ದರ್ಜೆಯಲ್ಲಿ ಪಾಸಾದೆ. ಕನ್ನಡದಲ್ಲಿ 125ಕ್ಕೆ 118. "ಕಿವಿ ಕೇಳ್ಸದೆ ಇದ್ರೂ ಎಷ್ಟು ಚೆನ್ನಾಗಿ ಓದವ್ಳೆ ನಿನ್ ಮಗ್ಳು" ಅಂತ ಊರಿನವರು ಅಪ್ಪನನ್ನು ನಿಲ್ಲಿಸಿ ನಿಲ್ಲಿಸಿ ಹೇಳುತ್ತಿದ್ದಾರೆ. ಅವರ ಪ್ರೀತಿಗೆ ನಾನು ಋಣಿ. ಆದರೆ ಆ ಹೊಗಳಿಕೆಯನ್ನೆಲ್ಲ ನಾನೊಬ್ಬಳೇ ಇಟ್ಟುಕೊಳ್ಳಲು ಮನಸ್ಸು ಒಪ್ಪುತ್ತಿಲ್ಲ. ಪಾಂಡವಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ಮಕ್ಕಳಿಗೆ, ಮೇಷ್ಟ್ರುಗಳಿಗೆ ಅದರಲ್ಲಿ ದೊಡ್ಡ ಪಾಲು ಸೇರಬೇಕು. ಹೆಸರು ಹಾಕಬೇಡ ಅಂತ ಗೆಳತಿಯರು ಹೇಳಿದ್ದಾರೆ. ಅದಕ್ಕೆ ಎಲ್ಲರನ್ನೂ ಶಾಲಾ ಸಂಸತ್ತಿನಲ್ಲಿ ಅವರವರಿಗಿದ್ದ ಖಾತೆಯಿಂದಲೇ ಕರೆಯುತ್ತೇನೆ.

ನನಗೆ ಹುಟ್ಟಿದಾಗಿನಿಂದ ಎರಡೂ ಕಿವಿ ಮಂದ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. 'ಸ್ಪೀಚ್ ಅಂಡ್ ಹಿಯರಿಂಗ್' ಅಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ನನ್ನ ಕಿವಿಯ ಪರೀಕ್ಷೆ, ಯಂತ್ರ, ಮಾತಿನ ತರಬೇತಿ ಎಲ್ಲ ಅಲ್ಲೇ ಆಯಿತು. ಬೆಳೆಯುವ ಮಕ್ಕಳ ಕಿವಿಯೂ ಬೆಳೆಯುತ್ತದೆ, ಹಾಗಾಗಿ ಕಿವಿಯೊಳಗೆ ಕೂರುವ ಅಚ್ಚನ್ನು ಆಗಾಗ ಹೊಸದಾಗಿ ಮಾಡಿಸಬೇಕು. ಸಡಿಲವಾದರೆ ಯಂತ್ರ ಕುಂಯ್ ಅಂತ ಕೂಗುತ್ತದೆ, ಪಕ್ಕದವರಿಗೂ ಕೇಳುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನಗೂ ಅಮ್ಮನಿಗೂ ಬಸ್ಸಿನ ಖರ್ಚು ಉಳಿಯಿತು. ಅದಕ್ಕೂ ಮೊದಲು ಮೈಸೂರಿಗೆ ಹೋಗಿಬರುವುದೆಂದರೆ ಅಮ್ಮನಿಗೆ ಒಂದು ದಿನದ ಕೂಲಿಯೂ ಹೋಗುತ್ತಿತ್ತು, ಮೇಲೆ ಟಿಕೆಟ್ಟಿನ ದುಡ್ಡೂ ಹೋಗುತ್ತಿತ್ತು.

ಯಂತ್ರ ಹಾಕಿಕೊಂಡರೆ ಎಲ್ಲ ಕೇಳುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನನ್ನ ಸ್ನೇಹಿತರು ಮಾಡಿದ್ದು ಎಂಥ ಕೆಲಸ ಅಂತ ಆಗಲೇ ಗೊತ್ತಾಗುವುದು. ಯಂತ್ರ ಮೇಷ್ಟ್ರ ಮಾತನ್ನೂ ಜೋರು ಮಾಡುತ್ತದೆ, ಫ್ಯಾನಿನ ಲಟಲಟವನ್ನೂ ಜೋರು ಮಾಡುತ್ತದೆ, ಬೆಂಚು ಎಳೆದ ಸದ್ದನ್ನೂ ಜೋರು ಮಾಡುತ್ತದೆ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು 6 ಡೆಸಿಬೆಲ್‌ನಷ್ಟು ಇಳಿಯುತ್ತದೆ ಅಂತ ಮೈಸೂರಿನಲ್ಲಿ ಹೇಳಿಕೊಟ್ಟಿದ್ದರು. ಕೋಣೆಯೊಳಗೆ ಗೋಡೆಗಳ ಪ್ರತಿಧ್ವನಿಯೂ ಸೇರಿ ಮಾತು ಕಲಸಿಹೋಗುತ್ತದೆ. ಉಳಿದದ್ದನ್ನು ತುಟಿ ನೋಡಿ ತಿಳಿಯಬೇಕು. ಅಲ್ಲೂ ಮರ, ಬರ, ಪರ ಮೂರಕ್ಕೂ ತುಟಿ ಒಂದೇ ಥರ ಆಡುತ್ತದೆ, ವಿಷಯ ಯಾವುದು ಅಂತ ಗೊತ್ತಿದ್ದರೆ ಮಾತ್ರ ಯಾವ ಮಾತು ಅಂತ ಹೊಳೆಯುತ್ತದೆ. ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರೆ ಅದೂ ಹೋಯಿತು. ಇನ್ನು ತುಟಿ ನೋಡುತ್ತಾ ನೋಟ್ಸ್ ಬರೆಯುವುದು ಯಾರಿಂದಲೂ ಆಗದ ಕೆಲಸ. ಬರೆಯಲು ತಲೆ ತಗ್ಗಿಸಿದ ಆ ಗಳಿಗೆಯಲ್ಲಿ ಪಾಠ ಮುಂದೆ ಹೋಗಿಬಿಟ್ಟಿರುತ್ತದೆ.

ಹಿಂದೆ ಓದಿದ ಒಂದು ಶಾಲೆಯಲ್ಲಿ ನನ್ನನ್ನು ಕೊನೆಯ ಬೆಂಚಿಗೆ ಕೂರಿಸಿ ಸುಮ್ಮನಾಗಿದ್ದರು. ಬೈಯಲಿಲ್ಲ, ಹೊಡೆಯಲಿಲ್ಲ, ಕೆಲಸವನ್ನೂ ಕೊಡಲಿಲ್ಲ. ಪ್ರಶ್ನೆ ಕೇಳುವಾಗ ನನ್ನನ್ನು ದಾಟಿ ಪಕ್ಕದವಳನ್ನು ಕೇಳುತ್ತಿದ್ದರು. ಅದರ ಬಗ್ಗೆ ಹೆಚ್ಚು ಬರೆಯಲು ಇಷ್ಟವಿಲ್ಲ.

ಎಂಟನೇ ತರಗತಿಗೆ ಸೇರಿದ ವರ್ಷ ಶಾಲಾ ಸಂಸತ್ತಿನ ಚುನಾವಣೆ ನಡೆಯಿತು. ಸಮಾಜ ಮೇಷ್ಟ್ರು ಮೊಬೈಲಿನಲ್ಲೇ ಮತಯಂತ್ರ ಮಾಡಿದ್ದರು, ಬೆರಳಿಗೆ ಶಾಯಿ ಹಾಕಲು ಒಬ್ಬ, ಪಟ್ಟಿ ನೋಡಲು ಒಬ್ಬಳು, ಎಲ್ಲ ನಿಜವಾದ ಮತಗಟ್ಟೆಯ ಹಾಗೇ. ಗೆದ್ದು ಪ್ರಧಾನಿಯಾದ ಹತ್ತನೇ ತರಗತಿಯ ಅಕ್ಕ ಮಂತ್ರಿಗಳ ಪಟ್ಟಿ ಬರೆದಳು. ಆಹಾರ, ಆರೋಗ್ಯ, ಸ್ವಚ್ಛತೆ, ಕ್ರೀಡೆ, ಗ್ರಂಥಾಲಯ. ವಾರ್ತಾ ಖಾತೆಯ ಎದುರು ನನ್ನ ಹೆಸರು ಇತ್ತು. "ಪಾಪ, ಅವಳಿಗ್ಯಾಕಮ್ಮ ತೊಂದ್ರೆ?" ಅಂತ ಒಬ್ಬ ಶಿಕ್ಷಕಿ ಅಂದರು. ನನ್ನ ಮೇಲಿನ ಅಕ್ಕರೆಯಿಂದಲೇ ಅಂದದ್ದು. ಪ್ರಧಾನಿ ಅಕ್ಕ ಕೊಟ್ಟ ಉತ್ತರ ನನಗೆ ಆಮೇಲೆ ಗೊತ್ತಾಯಿತು: "ಮಿಸ್, ಅವಳ ಅಕ್ಷರ ಇಡೀ ಸ್ಕೂಲಲ್ಲೇ ಚೆನ್ನಾಗಿದೆ."

ಅಕ್ಕಾ, ನೀನು ಈಗ ಮೈಸೂರಿನಲ್ಲಿ ಓದುತ್ತಿದ್ದೀಯ. ಇದನ್ನು ಓದಿದರೆ ಒಂದು ಮಾತು ತಿಳಿದುಕೋ. ಅಲ್ಲಿಯವರೆಗೆ ಯಾರೂ ನನ್ನಲ್ಲಿ ಏನು ಚೆನ್ನಾಗಿದೆ ಅಂತ ನೋಡಿ ಒಂದು ಕೆಲಸ ಕೊಟ್ಟಿರಲಿಲ್ಲ. ನಾನು ನಿನಗೆ ಹೇಳಬೇಕಾದ ಥ್ಯಾಂಕ್ಸ್ ಎಲ್ಲ ಆ ಒಂದು ಸಾಲಿಗೆ ಸೇರಿದ್ದು.

ಕೆಲಸ ಹೀಗಿತ್ತು. ಪ್ರಾರ್ಥನೆಗೆ ಮೊದಲು ಮೆಟ್ಟಿಲ ಪಕ್ಕದ ಹಸಿರು ಬೋರ್ಡಿನಲ್ಲಿ ಅವತ್ತಿನ ಸುದ್ದಿ ಬರೆಯಬೇಕು. ಪೇಪರಿನ ಮುಖ್ಯ ಸುದ್ದಿ ಎರಡು, ಯಾವ ಮೇಷ್ಟ್ರು ರಜೆ, ಆ ಪೀರಿಯಡ್ ಯಾರದು, ಬಿಸಿಯೂಟಕ್ಕೆ ಏನು, ವಿದ್ಯಾರ್ಥಿವೇತನದ ಅರ್ಜಿಗೆ ಕೊನೇ ದಿನ ಯಾವುದು. ಮೂಲೆಯಲ್ಲಿ ಯಾವತ್ತೂ ಅಳಿಸದ ಒಂದು ಸಾಲು: ಮಕ್ಕಳ ಸಹಾಯವಾಣಿ 1098. ಮೊದಲು ಇವೆಲ್ಲ ಪ್ರಾರ್ಥನೆಯಲ್ಲಿ ಬಾಯಲ್ಲಿ ಹೇಳಿ ಮುಗಿಯುತ್ತಿದ್ದವು. ಬೋರ್ಡಿಗೆ ಬಂದ ಮೇಲೆ ಹಳ್ಳಿ ಬಸ್ಸು ತಡವಾಗಿ ಬಂದವರಿಗೂ ಸಿಕ್ಕವು. ಕಬ್ಬು ಕಡಿಯಲು ಹೊರಜಿಲ್ಲೆಯಿಂದ ಬಂದ ಮನೆಯ ಹುಡುಗನೊಬ್ಬ ವರ್ಷದ ನಡುವೆ ನಮ್ಮ ತರಗತಿಗೆ ಸೇರಿದ, ಯಾರ ಪರಿಚಯವೂ ಇರಲಿಲ್ಲ. ದಿನಾ ಬೋರ್ಡಿನ ಮುಂದೆ ನಿಂತು ಪೂರ್ತಿ ಓದಿಕೊಂಡೇ ಒಳಗೆ ಬರುತ್ತಿದ್ದ. ಎಂಟನೇ ತರಗತಿಯವರು ಬರೆಯುವ ಎನ್‌ಎಂಎಂಎಸ್ ಪರೀಕ್ಷೆಯ ವಿಷಯವನ್ನು ಒಂದು ವಾರ ಅಳಿಸದೆ ಇಟ್ಟಿದ್ದೆ. ಅದರಲ್ಲಿ ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಆ ವರ್ಷ ಅರ್ಜಿ ಹಾಕಿದವರಲ್ಲಿ ಕೆಲವರು ಬೋರ್ಡ್ ನೋಡಿ ಹಾಕಿದ್ದು ಅಂತ ಹೇಳಿದಾಗ ನನಗಾದ ಖುಷಿ ಅಂಕಪಟ್ಟಿ ನೋಡಿದಾಗಲೂ ಆಗಲಿಲ್ಲ.

ಮಂತ್ರಿಗಳ ಸಭೆ ಶನಿವಾರ ನಡೆಯುತ್ತಿತ್ತು. ಹತ್ತು ಜನ ಒಟ್ಟಿಗೆ ಮಾತಾಡಿದರೆ ಯಾರ ತುಟಿ ನೋಡಲಿ? ಕ್ರೀಡಾ ಮಂತ್ರಿ ಒಂದು ನಿಯಮ ತಂದ. ಡಸ್ಟರ್ ಕೈಯಲ್ಲಿ ಇದ್ದವರೇ ಮಾತಾಡಬೇಕು. ನನ್ನ ಸಲುವಾಗಿ ತಂದದ್ದು, ಆದರೆ ಅದರಿಂದ ಗ್ರಂಥಾಲಯ ಮಂತ್ರಿ ಮೊದಲ ಸಲ ಬಾಯಿಬಿಟ್ಟಳು. ಅದುವರೆಗೆ ಜೋರು ದನಿಯವರ ನಡುವೆ ಅವಳಿಗೆ ಸರದಿಯೇ ಸಿಕ್ಕಿರಲಿಲ್ಲ. ಆಟದ ಮೈದಾನದಲ್ಲಿ ಗಂಟೆ ನನಗೆ ಕೇಳುತ್ತಿರಲಿಲ್ಲ, ಅದಕ್ಕೆ ಗಂಟೆ ಹೊಡೆಯುವಾಗ ಕಂಬದ ಹತ್ತಿರ ಕೆಂಪು ಬಟ್ಟೆ ಬೀಸುವುದು ಅಂತ ಅವನೇ ಮಾಡಿದ. ಬೆಂಚಿನ ಕಾಲಿಗೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಸಿಕ್ಕಿಸಿದ್ದು ಸ್ವಚ್ಛತಾ ಮಂತ್ರಿ. ಪಂಕ್ಚರ್ ಅಂಗಡಿಯ ಅಣ್ಣ ಟ್ಯೂಬುಗಳನ್ನು ಪುಕ್ಕಟೆ ಕೊಟ್ಟರು, ಅವರಿಗೂ ನಮಸ್ಕಾರ. ಎಳೆದಾಗ ಕಿರ್ ಅನ್ನುತ್ತಿದ್ದ ಬೆಂಚುಗಳು ಸುಮ್ಮನಾದ ದಿನ ಗಣಿತ ಮೇಷ್ಟ್ರು ತಾವೇ ಒಂದು ಬೆಂಚು ಆಚೆ ಈಚೆ ಎಳೆದು ನೋಡಿದರು.

ಅದೇ ಗಣಿತ ಮೇಷ್ಟ್ರಿಗೆ ಬೇರೆಯದೇ ಒಂದು ನಮಸ್ಕಾರ ಸಲ್ಲಬೇಕು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೋರ್ಡಿನ ಮೇಲೆ ಬರೆಯುತ್ತಲೇ ಪಾಠ ಹೇಳಿ ಅಭ್ಯಾಸವಾಗಿದ್ದವರು ಮೊದಲು ಬರೆದು, ಆಮೇಲೆ ನಮ್ಮ ಕಡೆ ತಿರುಗಿ ಹೇಳಲು ಶುರುಮಾಡಿದರು. ಮರೆತಾಗ ಮುಂದಿನ ಬೆಂಚಿನವರು ಕೈ ಎತ್ತುತ್ತಿದ್ದರು. ಒಂದು ದಿನವೂ ಸಿಡುಕಲಿಲ್ಲ. ಆಗಾಗ ನಮ್ಮ ಶಾಲೆಗೆ ಬರುತ್ತಿದ್ದ ಬಿಐಇಆರ್‌ಟಿ ಮೇಡಂ, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ತಾಲ್ಲೂಕಿನ ಶಾಲೆಗಳನ್ನು ಸುತ್ತುವ ಶಿಕ್ಷಕಿ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನನ್ನಂಥವರಿಗೆ ಏನೇನಿದೆ ಅಂತ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಓದಿ ಹೇಳಿದರು. ಯುಡಿಐಡಿ ಕಾರ್ಡಿನ, ಅಂದರೆ ಅಂಗವಿಕಲರ ಗುರುತಿನ ಚೀಟಿಯ, ಅರ್ಜಿ ತುಂಬಿಸಿದ್ದೂ ಅವರೇ.

ಈಗ ಕಷ್ಟದ ದಿನಗಳ ಮಾತು. ಒಂಬತ್ತನೇ ತರಗತಿಯ ಮಳೆಗಾಲದಲ್ಲಿ ಯಂತ್ರದೊಳಗೆ ತೇವ ಸೇರಿ ಕೆಟ್ಟುಹೋಯಿತು. ಒಂದು ಕಿವಿಯದು ಪೂರ್ತಿ ನಿಂತಿತು, ಇನ್ನೊಂದು ಬಂದುಬಂದು ಹೋಗುತ್ತಿತ್ತು. ಕಬ್ಬಿನ ದುಡ್ಡು ಇನ್ನೂ ಕೈಗೆ ಬಂದಿರಲಿಲ್ಲ, ರಿಪೇರಿ ತಡವಾಯಿತು. ಏನೂ ಕೇಳದೆ ತರಗತಿಯಲ್ಲಿ ಕೂರುವುದು ಎಷ್ಟು ಆಯಾಸ ಅಂತ ಹೇಳಿದರೆ ತಿಳಿಯುವುದಿಲ್ಲ. ಸಂಜೆ ಹೊತ್ತಿಗೆ ಕಣ್ಣು ಉರಿಯುತ್ತಿತ್ತು, ತಲೆ ಸಿಡಿಯುತ್ತಿತ್ತು. ಶಾಲೆಗೆ ಹೋಗುವುದನ್ನು ನಿಲ್ಲಿಸಿಬಿಟ್ಟೆ. ಅಮ್ಮ ಅತ್ತಳು, ಅಪ್ಪ ಏನೂ ಹೇಳಲಿಲ್ಲ. ಹೊಲಿಗೆ ಕಲಿಯುತ್ತೇನೆ ಅಂತ ನಾನೇ ಅಂದೆ.

ಒಂದು ಸಂಜೆ ಸಂಸತ್ತು ಮನೆಗೆ ಬಂತು. ಆ ವರ್ಷದ ಪ್ರಧಾನಿ, ಕ್ರೀಡಾ ಮಂತ್ರಿ, ನನ್ನ ಬೆಂಚಿನ ಗೆಳತಿ, ಹಿಂದೆ ಎಂಟನೇ ತರಗತಿಯ ಇಬ್ಬರು. ಅಮ್ಮ ಕಾಫಿ ಕಾಯಿಸಿದಳು. ಅವರು ನನಗೆ ಸಮಾಧಾನ ಹೇಳುತ್ತಾರೆ ಅಂದುಕೊಂಡಿದ್ದೆ. ಪ್ರಧಾನಿ ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ನನ್ನ ಮುಂದೆ ಹಿಡಿದಳು: "ಬೋರ್ಡ್ ಖಾಲಿ ಐತೆ ಕಣಮ್ಮಿ. ಎಲ್ಲ ನನ್ನೇ ಕೇಳ್ತಾವ್ರೆ. ನಾಳೆ ಬಾ." ಅಷ್ಟೇ.

ನಾನು ಮಾರನೇ ದಿನ ಹೋದೆ. ಅವರು ಕರುಣೆ ತೋರಿಸಿ ಕರೆದಿದ್ದರೆ ಹೋಗುತ್ತಿರಲಿಲ್ಲ, ಇದು ಖಂಡಿತ. ನನ್ನ ಕೆಲಸ ನಿಂತಿತ್ತು, ಅದನ್ನು ಮಾಡಲು ಹೋದೆ.

ಯಂತ್ರವಿಲ್ಲದ ಆ ದಿನಗಳಲ್ಲಿ ನನ್ನ ಬೆಂಚಿನ ಗೆಳತಿ ತನ್ನ ನೋಟ್ಸ್ ಹಾಳೆಯ ಕೆಳಗೆ ಕಾರ್ಬನ್ ಹಾಳೆ ಇಟ್ಟು ಬರೆಯಲು ಶುರುಮಾಡಿದಳು. ಮೇಲಿನದು ಅವಳಿಗೆ, ಕೆಳಗಿನದು ನನಗೆ. ಕಾರ್ಬನ್ ಹಾಳೆಯ ಡಬ್ಬಿಯನ್ನು ಹೆಡ್‌ಮೇಷ್ಟ್ರು ತಮ್ಮ ದುಡ್ಡಿನಲ್ಲಿ ತಂದುಕೊಟ್ಟರು. ಯಂತ್ರ ಸರಿಯಾಗಿ ಬಂದ ಮೇಲೂ ನಾವು ಅದನ್ನು ಬಿಡಲಿಲ್ಲ. ನಾನು ತಲೆ ತಗ್ಗಿಸದೆ ಪೂರ್ತಿ ಪೀರಿಯಡ್ ಮೇಷ್ಟ್ರ ಮುಖವನ್ನೇ ನೋಡಬಹುದಾಗಿತ್ತು, ನೋಟ್ಸ್ ತಾನಾಗಿ ತಯಾರಾಗುತ್ತಿತ್ತು. ನನ್ನ ಹತ್ತನೇ ತರಗತಿಯ ವಿಜ್ಞಾನ, ಸಮಾಜ ಎರಡೂ ನೀಲಿ ಕಾರ್ಬನ್ ಅಕ್ಷರದಲ್ಲೇ ಇವೆ. ಅವಳು ಸರಿಯಾಗಿ ಬರೆಯಬೇಕು ಅಂತ ಗಮನ ಕೊಟ್ಟು ಕೇಳುತ್ತಿದ್ದಳು, ಅವಳ ಅಂಕವೂ ಏರಿತು. ಬೆರಳ ತುದಿ ಮೂರು ಹೊತ್ತೂ ನೀಲಿಯಾಗಿರುತ್ತಿತ್ತು, ಅವಳ ಅಮ್ಮ ಬೈಯುತ್ತಿದ್ದರು. ಅವಳ ಅಮ್ಮನ ಕ್ಷಮೆಯನ್ನೂ ಇಲ್ಲೇ ಕೇಳುತ್ತೇನೆ.

ಆ ವರ್ಷ ಮಕ್ಕಳ ಗ್ರಾಮಸಭೆ ನಡೆದಾಗ ಅಧ್ಯಕ್ಷರು, ಪಿಡಿಒ, ಊರಿನ ಹಿರಿಯರು ಎಲ್ಲ ಬಂದಿದ್ದರು. ನಮ್ಮ ಶಾಲೆಯಿಂದ ಕೇಳಬೇಕಾದದ್ದು ತರಗತಿಯ ಸದ್ದು ಮಾಡುವ ಹಳೇ ಫ್ಯಾನುಗಳನ್ನು ಬದಲಿಸುವುದು, ಹೆಣ್ಣುಮಕ್ಕಳ ಶೌಚಾಲಯದ ನೀರು. ಅರ್ಜಿ ಬರೆದದ್ದು ನಾನು, ಓದಬೇಕಾದವಳೂ ನಾನೇ ಅಂತ ಸಂಸತ್ತು ತೀರ್ಮಾನಿಸಿತ್ತು. ನನ್ನ ಮಾತು ಹೊಸಬರಿಗೆ ಬೇಗ ತಿಳಿಯುವುದಿಲ್ಲ, ಕೆಲವು ಅಕ್ಷರ ಸರಿಯಾಗಿ ಹೊರಡುವುದಿಲ್ಲ. ಓದಿ ಮುಗಿಸಿದೆ. ಅಧ್ಯಕ್ಷರಿಗೆ ಅರ್ಥವಾಗಲಿಲ್ಲ, ಪಕ್ಕದಲ್ಲಿದ್ದ ಪ್ರಧಾನಿಯ ಮುಖ ನೋಡಿದರು, "ಏನಂತವ್ಳೆ ಮಗ?" ಅಂದರು. ಅವಳು ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು. ಹೇಳಲಿಲ್ಲ. "ಅವ್ಳೇ ಇನ್ನೊಂದ್ಸಲ ಹೇಳ್ತಾಳೆ ಸಾರ್" ಅಂದಳು. ಮೈಕು ಇನ್ನೂ ನನ್ನ ಕೈಯಲ್ಲೇ ಇತ್ತು. ನಿಧಾನವಾಗಿ ಎರಡನೇ ಸಲ ಓದಿದೆ. ಅಧ್ಯಕ್ಷರು ಮುಂದಕ್ಕೆ ಬಾಗಿ ಕೇಳಿಸಿಕೊಂಡರು. ಫ್ಯಾನು ಬಂದವು, ನೀರಿನ ಪೈಪು ಸ್ವಲ್ಪ ತಡವಾಗಿ ಬಂತು. ಪಂಚಾಯಿತಿಯವರಿಗೆ ಧನ್ಯವಾದ. ಆದರೆ ಆ ದಿನ ಸುಮ್ಮನಿದ್ದ ಗೆಳತಿಗೆ ಅದಕ್ಕಿಂತ ದೊಡ್ಡ ಧನ್ಯವಾದ. ನಮ್ಮ ಪರವಾಗಿ ಮಾತಾಡುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾವು ಹೇಳಿ ಮುಗಿಸುವ ತನಕ ಕಾಯುವವರು ಕಡಿಮೆ.

ಪರೀಕ್ಷೆಯ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಓದಿದ್ದೆ, ಬರೆದೆ. ಪರೀಕ್ಷೆಗೆ ಮುಂಚಿನ ವಾರ ಬೋರ್ಡಿನ ಮೂಲೆಯಲ್ಲಿ 1098ರ ಕೆಳಗೆ ಇನ್ನೊಂದು ಸಂಖ್ಯೆ ಸೇರಿಸಿದ್ದೆ, ಮನಸ್ಸಿಗೆ ಕಷ್ಟವಾದವರಿಗೆ ಟೆಲಿ-ಮಾನಸ್ 14416. ಯಾರು ಕರೆ ಮಾಡಿದರೋ ಬಿಟ್ಟರೋ, ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಅದು ಇರಬೇಕು ಅನ್ನಿಸಿತ್ತು.

ಅಪ್ಪ ಅಮ್ಮನಿಗೆ ಇಲ್ಲಿ ಥ್ಯಾಂಕ್ಸ್ ಬರೆದರೆ ಬೈಯುತ್ತಾರೆ, ಮನೆಯಲ್ಲೇ ಹೇಳಿದ್ದೇನೆ. ಮೈಸೂರಿನಲ್ಲಿ ಚಿಕ್ಕಂದಿನಿಂದ ನನಗೆ ಒಂದೊಂದೇ ಅಕ್ಷರ ಹೊರಡಿಸಲು ಕಲಿಸಿದ ಅಕ್ಕಂದಿರಿಗೆ, ಮಳೆ ಬಂದು ಶೀಟಿನ ಮೇಲೆ ಸದ್ದಾದಾಗ ಪಾಠ ನಿಲ್ಲಿಸಿ ಬೋರ್ಡಿನಲ್ಲೇ ಪೂರ್ತಿ ಬರೆದ ಕನ್ನಡ ಮೇಡಂಗೆ, ಸಾರು ಏನು ಅಂತ ದಿನಾ ಬೆಳಿಗ್ಗೆ ನನಗೆ ಕೈಸನ್ನೆಯಲ್ಲಿ ಹೇಳುತ್ತಿದ್ದ ಅಡುಗೆ ಅಮ್ಮಂದಿರಿಗೆ ನನ್ನ ನಮಸ್ಕಾರ.

ಪಾಂಡವಪುರದಲ್ಲೇ ಪಿಯುಸಿ ವಾಣಿಜ್ಯ ಸೇರುತ್ತಿದ್ದೇನೆ. ಈಗಿನ ಒಂಬತ್ತನೇ ತರಗತಿಯವರಿಗೆ ಒಂದು ಮಾತು. ಚುನಾವಣೆ ಮುಗಿದು ವಾರ್ತಾ ಖಾತೆ ಯಾರಿಗೆ ಬಂತು ಅಂತ ಮೆಸೇಜ್ ಹಾಕಿ. ಯಾವ ಸುದ್ದಿ ಎಲ್ಲಿ ಸಿಗುತ್ತದೆ, ಅರ್ಜಿಗಳ ಕೊನೇ ದಿನ ಯಾರನ್ನು ಕೇಳಬೇಕು ಅಂತ ಬರೆದಿಟ್ಟ ನನ್ನ ಪುಸ್ತಕ ಗ್ರಂಥಾಲಯದ ಬೀರುವಿನಲ್ಲಿದೆ. ಟ್ಯೂಬ್ ಸವೆದ ಬೆಂಚುಗಳನ್ನು ಗುರುತು ಮಾಡಿಡಿ, ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ಪಂಕ್ಚರ್ ಅಂಗಡಿಗೆ ಹೋಗಿ ಟ್ಯೂಬ್ ತೆಗೆದುಕೊಂಡು ಬರುತ್ತೇನೆ. ಕತ್ತರಿ ನಿಮ್ಮದು.