ಸರೋವರದ ತಳದ ಪರ್ಮಾಫ್ರಾಸ್ಟ್: ಭಾನುವಾರದ ಚರ್ಚೆಗೆ ಮುನ್ನ

ಸದಸ್ಯರ ಗಮನಕ್ಕೆ,

ಈ ಭಾನುವಾರ ನಾವು ಸೈಬೀರಿಯಾದ ಸರೋವರಗಳ ಕುರಿತು ಮಾತನಾಡಲಿದ್ದೇವೆ. ಚಳಿಗಾಲದಲ್ಲಿಯೂ ತಳದವರೆಗೆ ಹೆಪ್ಪುಗಟ್ಟದ ನೀರು ತನ್ನ ಕೆಳಗಿನ ಪರ್ಮಾಫ್ರಾಸ್ಟನ್ನು (ವರ್ಷಗಟ್ಟಲೆ ಹೆಪ್ಪುಗಟ್ಟಿಯೇ ಇರುವ ನೆಲವನ್ನು) ವರ್ಷವಿಡೀ ಕರಗಿಸುತ್ತ ‘ತಾಲಿಕ್’ ಎಂಬ, ಹೆಪ್ಪು ಕರಗಿದ ಹಸಿಮಣ್ಣಿನ ಬಟ್ಟಲಾಕಾರದ ಭಾಗವನ್ನು ಆಳವಾಗಿಸುತ್ತದೆ. ಹಿಮಯುಗದ ಹುಲ್ಲುಬೇರುಗಳು ಅಲ್ಲಿ ಆಮ್ಲಜನಕವಿಲ್ಲದೆ ಕೊಳೆತು, ಇಂಗಾಲದ ಡೈಆಕ್ಸೈಡಿನ ಜೊತೆಗೆ ಉರಿಯುವ ಅನಿಲವಾದ ಮೀಥೇನನ್ನೂ ಹೊರಬಿಡುತ್ತವೆ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಅಲ್ಲಿನ ಸರೋವರಗಳ ಮೀಥೇನಿನಲ್ಲಿ ಶೇ. 95ರಷ್ಟು ಗುಳ್ಳೆಗಳ ರೂಪದಲ್ಲೇ ಮೇಲೇರುತ್ತದೆ. ಅತಿ ಹೆಚ್ಚು ಗುಳ್ಳೆ ಏಳುವ ತಾಣಗಳಲ್ಲಿ ಆ ಅನಿಲದ ಇಂಗಾಲದ ವಯಸ್ಸು 35 ಸಾವಿರ ವರ್ಷಗಳಿಗೂ ಹೆಚ್ಚು. ಮಂಜುಗಡ್ಡೆಯೊಳಗೆ ಬಿಳಿ ತಟ್ಟೆಗಳನ್ನು ಪೇರಿಸಿಟ್ಟಂತೆ ಕಾಣುವುದು ಈ ಗುಳ್ಳೆಗಳೇ. ಅವನ್ನು ಚುಚ್ಚಿ ಬೆಂಕಿ ಹೊತ್ತಿಸುವ ವಿಡಿಯೊಗಳನ್ನು ಈಗಾಗಲೇ ಎಲ್ಲರೂ ನೋಡಿರುವುದರಿಂದ, ದಯವಿಟ್ಟು ಮತ್ತೆ ಹಂಚಬೇಡಿ. ಕೊಳೆಯುವಿಕೆಯ ಬಗೆಗಿನ ಪ್ರಶ್ನೆಗಳನ್ನು ಮಾತ್ರ ಶನಿವಾರದೊಳಗೆ ಇಲ್ಲಿ ಬರೆಯಿರಿ.